ಹತ್ತು ನಿಮಿಷ ಕುದುರೆ ನಿಲುವು, ಎರಡು ದಿನ ಮಂಡಿ ನೋವು: ಫಿಸಿಯೋ ಹತ್ರ ಕೇಳಿ

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನಂಗೆ 34, ಐಟಿ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಮೇಲೇ. ಎಂಟು ತಿಂಗಳಿಂದ ಕುಂಗ್‌ಫೂ ಕ್ಲಾಸಿಗೆ ಹೋಗ್ತಿದೀನಿ, ಚಾಂಗ್‌ಚುವಾನ್ ಅನ್ನೋ ಶೈಲಿ ಕಲಿಸ್ತಾರೆ. ಮಾಬು, ಅಂದ್ರೆ ಕುದುರೆ ನಿಲುವು, ತೊಡೆ ನೆಲಕ್ಕೆ ಸಮ ಮಾಡಿ ಹತ್ತು ನಿಮಿಷ ಅಲ್ಲಾಡದೆ ನಿಲ್ಲೋ ತನಕ ಮುಂದಿನ ಪಾಠ ಇಲ್ಲ ಅಂದಿದಾರೆ ಮಾಸ್ಟರ್. ನಾನು ಎರಡು ನಿಮಿಷಕ್ಕೇ ಗಡಗಡ ನಡುಗ್ತೀನಿ, ಹಲ್ಲುಕಚ್ಚಿ ನಾಲ್ಕು ನಿಮಿಷ ಎಳೀತೀನಿ, ಆಮೇಲೆ ಎರಡು ದಿನ ಮೆಟ್ಟಿಲು ಇಳಿಯೋವಾಗ ಮಂಡಿಚಿಪ್ಪಿನ ಹಿಂದೆ ಚುಳ್ ಅನ್ನತ್ತೆ. ಸ್ಪ್ಲಿಟ್, ಅದೇ ಎರಡೂ ಕಾಲು ಅಗಲಿಸಿ ನೆಲಕ್ಕೆ ಇಳಿಯೋದು, ಅದಂತೂ ನೆಲದಿಂದ ಒಂದು ಗೇಣು ಮೇಲೇ ನಿಂತ್ಬಿಟ್ಟಿದೆ, ಇಳಿಯೋ ಲಕ್ಷಣ ಇಲ್ಲ. ಬೆಳಗ್ಗೆ ಸಿಗೋದು ಮುಕ್ಕಾಲು ಗಂಟೆ ಅಷ್ಟೇ. ಇಷ್ಟರಲ್ಲಿ ಏನಾದ್ರೂ ಆಗತ್ತಾ, ಇಲ್ಲ ಈ ವಯಸ್ಸಿಗೆ ಬಿಟ್ಬಿಡೋದೇ ವಾಸಿನಾ?

ಫಿಸಿಯೋ: ಬಿಡ್ಬೇಡಿ. ಹತ್ತು ನಿಮಿಷದ ಹುಚ್ಚು ಮಾತ್ರ ಬಿಡಿ. ನಾನೂ ಹದಿನೈದು ವರ್ಷದಿಂದ ವುಷು, ಅಂದ್ರೆ ಚೀನಾದ ಸಮರಕಲೆ, ಮಾಡ್ತಿರೋಳೇ, ಹಾಗಾಗಿ ಇದನ್ನ ಕ್ಲಿನಿಕ್ಕಲ್ಲಿ ಕೂತು ಉಪದೇಶ ಅಂತ ತಗೋಬೇಡಿ.

ಚೀನಾದಲ್ಲಿ ನಿಲ್ಲೋ ಅಭ್ಯಾಸ ಎರಡು ಥರ ಇದೆ, ನಮ್ಮ ಕಡೆ ಎರಡನ್ನೂ ಕಲಸಿ ಸಾಂಬಾರ್ ಮಾಡಿದಾರೆ. ಒಂದು ಜಾನ್ ಜುವಾಂಗ್, ಕಂಬದ ಹಾಗೆ ನಿಲ್ಲೋದು. ಯಿಚುವಾನ್ ಅನ್ನೋ ಶೈಲಿ ಹುಟ್ಟುಹಾಕಿದ ವಾಂಗ್ ಷಿಯಾಂಗ್‌ಜಾಯ್ ಇದನ್ನೇ ತನ್ನ ಪದ್ಧತಿಯ ಬುಡ ಮಾಡ್ಕೊಂಡಿದ್ದು. ಇದ್ರಲ್ಲಿ ಅರ್ಧ ಗಂಟೆ, ಅದಕ್ಕೂ ಜಾಸ್ತಿ ನಿಲ್ಲೋರಿದಾರೆ, ಆದ್ರೆ ಅವರ ಮಂಡಿ ನೋಡಿ, ಸ್ವಲ್ಪ ಸಡಿಲ ಬಿಟ್ಟಿರ್ತಾರೆ ಅಷ್ಟೇ, ಹೆಚ್ಚುಕಮ್ಮಿ ನೆಟ್ಟಗೇ ನಿಂತಿರ್ತಾರೆ. ಇನ್ನೊಂದು ನಿಮ್ಮ ಚಾಂಗ್‌ಚುವಾನಿನ ತಗ್ಗು ಮಾಬು, ಪಾದಗಳ ಮಧ್ಯೆ ಸುಮಾರು ಮೂರು ಪಾದದ ಅಂತರ, ಬೆರಳು ಮುಂದಕ್ಕೆ, ತೊಡೆ ನೆಲಕ್ಕೆ ಸಮ. ಸ್ಪರ್ಧೇಲಿ ಚಾಂಗ್‌ಚುವಾನ್ ತಾವ್‌ಲು, ಅಂದ್ರೆ ಪಟ್ಟುಗಳನ್ನ ಸಾಲಾಗಿ ಜೋಡಿಸಿದ ಪ್ರದರ್ಶನ, ಇಡೀ ಮಾಡೋಕೆ ಬೇಕಾಗೋದು 1 ನಿಮಿಷ 20 ಸೆಕೆಂಡಿನ ಆಸುಪಾಸು, ಅದ್ರೊಳಗೆ ಮಾಬು ಬಂದು ಹೋಗೋದು ಕಣ್ಣು ಮಿಟುಕಿಸೋ ಹೊತ್ತು, ತೊಡೆ ಸಮ ಇಲ್ದಿದ್ರೆ 0.1 ಅಂಕ ಹೋಯ್ತು ಅನ್ನೋ ಲೆಕ್ಕ. ಅಂದ್ರೆ ಹೊತ್ತು ಬಂದಿದ್ದು ಎತ್ತರದ ನಿಲುವಿಂದ, ಆಳ ಬಂದಿದ್ದು ತಗ್ಗಿನ ನಿಲುವಿಂದ. ಆ ಹೊತ್ತನ್ನ ಈ ಆಳಕ್ಕೆ ಕಟ್ಟಿದಾಗ ಸಾಲ ತೀರಿಸೋದು ನಿಮ್ಮ ಮಂಡಿ. ಹಂಗ್ ಗಾರ್ ಥರದ ದಕ್ಷಿಣದ ಶೈಲಿಗಳಲ್ಲಿ ತಗ್ಗಲ್ಲೂ ತುಂಬ ಹೊತ್ತು ನಿಲ್ಲಿಸೋ ರೂಢಿ ಇದೆ, ಇಲ್ಲ ಅನ್ನಲ್ಲ, ಆದ್ರೆ ಚಿಕ್ಕಂದಿನಿಂದ ನಿಂತು ಬಂದವರ ಮಾತು ಬೇರೆ, ಒಂಬತ್ತು ಗಂಟೆ ಕುರ್ಚಿಯವರ ಮಾತು ಬೇರೆ.

ನೋವು ಯಾಕೆ ಅಂದ್ರೆ, ಮಂಡಿ 90 ಡಿಗ್ರಿ ಹತ್ರ ಮಡಚಿದಾಗ ಚಿಪ್ಪು ತೊಡೆಮೂಳೆಗೆ ಒತ್ತೋ ಭಾರ ತುಂಬ ಜಾಸ್ತಿ. ಮೊದಮೊದಲು ತೊಡೆ, ಪಿರ್ರೆ ಸ್ನಾಯು ಹೊರ್ತವೆ, ಅವು ಸೋತ ಮೇಲೆ ಮಂಡಿ ಒಳಗಡೆ ವಾಲತ್ತೆ, ಪಾದದ ಕಮಾನು ಕುಸಿಯತ್ತೆ, ಸೊಂಟ ಹಿಂದಕ್ಕೆ ಹೋಗತ್ತೆ, ನಿಮಗೆ ಮಾತ್ರ ಇನ್ನೂ ನಿಂತಿದೀನಿ ಅಂತ ಖುಷಿ. ಮೊಬೈಲ್ ಎದುರಿಗಿಟ್ಟು ವಿಡಿಯೋ ಮಾಡ್ಕೊಳ್ಳಿ, ಮಂಡಿ ಎರಡನೇ ಬೆರಳಿನ ಗೆರೆ ಬಿಟ್ಟು ಒಳಗೆ ಬಂದ ಕ್ಷಣ ಎದ್ಬಿಡಿ, ಅವತ್ತಿಗೆ ಅದೇ ನಿಮ್ಮ ಟೈಮು. ಸದ್ಯಕ್ಕೆ ನೋವಿಲ್ಲದ ಎತ್ತರದಲ್ಲಿ 30 ಸೆಕೆಂಡ್, ಮಧ್ಯೆ ನಡೆದಾಡಿ, ಹಿಂಗೆ ಐದು ಸಲ. ವಾರಕ್ಕೆ ಒಂದು ಬೆರಳಷ್ಟು ಇಳೀರಿ ಸಾಕು. ಅಲ್ಲಾಡದೆ ನಿಂತು ಬರೋ ಬಲ ಬಹುತೇಕ ನಿಂತ ಕೋನದ ಆಸುಪಾಸಲ್ಲೇ ಉಳಿಯತ್ತೆ, ಅದಕ್ಕೇ ನಿಲ್ಲೋದ್ರ ಜೊತೆ ಮಾಬುಯಿಂದ ಗೊಂಗ್‌ಬುಗೆ (ಮುಂದಿನ ಮಂಡಿ ಮಡಚಿ ಹಿಂದಿನ ಕಾಲು ನೆಟ್ಟಗೆ), ಗೊಂಗ್‌ಬುಯಿಂದ ಪೂಬುಗೆ (ಒಂದು ಕಾಲಲ್ಲಿ ಪೂರ್ತಿ ಕುಕ್ಕರಿಸಿ ಇನ್ನೊಂದು ಪಕ್ಕಕ್ಕೆ ಚಾಚೋದು) ನಿಧಾನ ಹೋಗಿ ಬನ್ನಿ. ನಮ್ಮ ಗರಡಿಯೋರು ಸಾವಿರ ಬಸ್ಕಿ ಹೊಡೀತಿದ್ರಲ್ಲ, ಅದೂ ಚಲನೆನೇ ತಾನೇ. ಹಾಂ, ಬಿಪಿ ಇರೋರು ಉಸಿರು ಬಿಗಿಹಿಡಿದು ನಿಲ್ಲಬಾರದು, ಆ ಹೊತ್ತಲ್ಲಿ ಒತ್ತಡ ಸರ್ರನೆ ಏರತ್ತೆ. ಮೂರು ವಾರ ಎತ್ತರದಲ್ಲಿ ಮಾಡಿದ್ರೂ ಚುಳ್ ನಿಲ್ಲಲಿಲ್ಲ, ಇಲ್ಲ ಮಂಡಿ ಊದ್ಕೊಳ್ತು ಅಂದ್ರೆ ಇಲ್ಲಿ ಕೇಳ್ತಾ ಕೂರಬೇಡಿ, ಹೋಗಿ ತೋರಿಸ್ಕೊಳ್ಳಿ.

ಮತ್ತೊಬ್ರು: ಮೇಡಂ ಒಪ್ಪಲ್ಲ. ಶಾವೊಲಿನ್ ದೇವಸ್ಥಾನದಲ್ಲಿ ಸನ್ಯಾಸಿಗಳು ನಿಂತು ನಿಂತು ಕಲ್ಲೇ ಗುಂಡಿ ಬಿದ್ದಿದೆ ಸ್ವಾಮಿ. ಮಂಡಿ ನೋವು ಅಂತ ಅವರು ಕೂತಿದ್ರಾ?

ಫಿಸಿಯೋ: ಹೆನಾನಿನ ಶಾವೊಲಿನ್‌ನಲ್ಲಿ ಸಾವಿರ ಬುದ್ಧರ ಮಂಟಪದ ನೆಲದಲ್ಲಿ 48 ತಗ್ಗುಗಳಿವೆ, ನಿಜ. ಆದ್ರೆ ಅಲ್ಲಿ ಹೇಳೋ ಕಥೆನೂ ಸುಮ್ನೆ ನಿಂತು ಬಿದ್ದಿದ್ದು ಅಂತ ಅಲ್ಲ, ಅಭ್ಯಾಸದಲ್ಲಿ ಕಾಲು ಅಪ್ಪಳಿಸಿ ಅಪ್ಪಳಿಸಿ ಬಿದ್ದಿದ್ದು ಅಂತ. ಇನ್ನೊಂದು, ಅದು ತಲೆಮಾರುಗಟ್ಟಲೆ ಜನರ ಕಾಲಿನ ಗುರುತು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಎಂಟು ತಿಂಗಳಲ್ಲಿ ಮಾಡಿದ್ದಲ್ಲ 😄

ಪ್ರಶ್ನೆ ಕೇಳಿದವರು: ನಕ್ಕು ಸಾಕಾಯ್ತು. ಸ್ಪ್ಲಿಟ್ ಬಗ್ಗೆ ಹೇಳ್ಲಿಲ್ಲ ಮೇಡಂ.

ಫಿಸಿಯೋ: ಬರ್ತಿದ್ದೆ. ಬೆಳಗ್ಗೆ ಎದ್ದು ತಣ್ಣಗಿರೋ ಮೈಯಲ್ಲಿ ಎಳೀತೀರಾ ಅನ್ಸತ್ತೆ, ಮುಕ್ಕಾಲು ಜನ ಅದೇ ಮಾಡೋದು. ಅಭ್ಯಾಸಕ್ಕೆ ಮುಂಚೆ ಒಂದೇ ಸ್ನಾಯುನ ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದ್ರೆ ಅದರ ಬಲ ಸ್ವಲ್ಪ ಹೊತ್ತು ಕಮ್ಮಿ ಆಗತ್ತೆ. ಮೊದ್ಲು ಮೈ ಬಿಸಿ ಮಾಡಿ, ಆಮೇಲೆ ಝೆಂಗ್ ತಿ ತುಯ್, ಅದೇ ನೇರ ಕಾಲಿನ ಮುಂದಿನ ಕಿಕ್, ಸೊಂಟದೆತ್ತರದಿಂದ ಶುರು ಮಾಡಿ ಮೇಲೇರಿಸಿ. ಉದ್ದ ಎಳೆತ ಎಲ್ಲ ಕೊನೇಲಿ, ಒಂದೊಂದು 30ರಿಂದ 60 ಸೆಕೆಂಡ್. ಎಳೆದ ಜಾಗದಲ್ಲೇ ಐದಾರು ಸೆಕೆಂಡ್ ಹಿಮ್ಮಡಿ ನೆಲಕ್ಕೆ ಒತ್ತಿ ಬಿಗಿ ಮಾಡಿ, ಬಿಡಿ, ಮತ್ತೆ ಸ್ವಲ್ಪ ಇಳೀರಿ. ಮೊದಲ ವಾರಗಳಲ್ಲಿ ಸಿಗೋ ಲಾಭ ಸ್ನಾಯು ಉದ್ದ ಆಗಿದ್ದಕ್ಕಲ್ಲ, ಎಳೆತ ಸಹಿಸೋದನ್ನ ನರಗಳು ಕಲಿತಿದ್ದಕ್ಕೆ, ಅದಕ್ಕೇ ನಾಲ್ಕು ದಿನ ಬಿಟ್ರೆ ವಾಪಸ್ ಹೋಗತ್ತೆ.

ಆದ್ರೆ ಮೂಳೆ ಅಂತ ಒಂದಿದೆ ನೋಡಿ. ಸೊಂಟದ ಗುಳಿ ಎಷ್ಟು ಆಳ, ತೊಡೆಮೂಳೆಯ ಕತ್ತು ಎಷ್ಟು ತಿರುಗಿದೆ, ಇವು ಒಬ್ಬೊಬ್ರಿಗೆ ಒಂದೊಂದು ಥರ, ಎಳೆದ್ರೆ ಬದಲಾಗಲ್ಲ. ತೊಡೆಯ ಒಳಗಡೆ ಅಥವಾ ಹಿಂದೆ ಎಳೆತ ಆದ್ರೆ ಸರಿ. ತೊಡೆಸಂದಿಯ ಮುಂದೆ ಏನೋ ಸಿಕ್ಕಿಹಾಕ್ಕೊಂಡ ಹಾಗೆ ಚುಚ್ಚಿದ್ರೆ ಅದು ಮೂಳೆಗೆ ಮೂಳೆ ತಾಗ್ತಿರಬಹುದು, ಅಲ್ಲಿ ಹಠ ಮಾಡಿದ್ರೆ ನಷ್ಟ ನಿಮ್ಗೇ. ಆಗ ಮಾಬಲ್ಲೂ ಕಾಲ್ಬೆರಳು ಸ್ವಲ್ಪ ಹೊರಗೆ ತಿರುಗಿಸಿ ನಿಂತು ನೋಡಿ.

ಇನ್ನೊಬ್ರು: ಬೆರಳು ಹೊರಗೆ ಅಂದ್ರೆ ನಮ್ಮ ಅರೆಮಂಡಿ ಥರಾನೇ ಆಯ್ತಲ್ವಾ? ಹತ್ತು ವರ್ಷ ಭರತನಾಟ್ಯ ಮಾಡಿ ಈಗ ತೈ ಚಿ ಸೇರಿದೀನಿ, ಅರೆಮಂಡಿ ಆರಾಮ, ಬೆರಳು ಮುಂದಿಟ್ಟ ಮಾಬು ಮಾತ್ರ ಆಗೋದೇ ಇಲ್ಲ, ಸೋಮಾರಿ ಅಂತ ಬೈಸ್ಕೋತಿದೀನಿ.

ಫಿಸಿಯೋ: ಸೋಮಾರಿತನ ಅಲ್ಲ. ಹೊರಗೆ ಚೆನ್ನಾಗಿ ತಿರುಗೋ ಸೊಂಟಕ್ಕೆ ಒಳಗಿನ ತಿರುಗು ಕಮ್ಮಿ ಇರೋದು ಸಾಮಾನ್ಯ, ಹತ್ತು ವರ್ಷ ಒಂದೇ ಕಡೆ ತಿರುಗಿಸಿದೀರಾ ಬೇರೆ. ತೈ ಚಿಗೆ ಬೆರಳು ಸ್ವಲ್ಪ ಹೊರಗಿದ್ರೆ ಏನೂ ಕೊಳ್ಳೆ ಹೋಗಲ್ಲ, ಮಂಡಿ ಬೆರಳಿನ ದಿಕ್ಕಿಗೇ ಹೋಗ್ತಿದ್ಯಾ ನೋಡ್ಕೊಳ್ಳಿ.

ಒಬ್ಬ ತಾಯಿ: ನನ್ನ ಮಗಳಿಗೆ 13. ಕೋಚಿಂಗಲ್ಲಿ ಸ್ಪ್ಲಿಟ್ ಮಾಡಿಸೋವಾಗ ಇನ್ನೊಬ್ಬ ಹುಡುಗೀನ ಬೆನ್ನ ಮೇಲೆ ಕೂರಿಸ್ತಾರಂತೆ. ಈಗ ಕೂತ್ಕೊಳ್ಳೋವಾಗ ಪಿರ್ರೆ ಕೆಳಗೆ ನೋವು ಅಂತಾಳೆ. ಮಕ್ಕಳು ಬಾಗ್ತಾರೆ ಬಿಡಿ ಅಂದ್ರು ಅಲ್ಲಿ.

ಫಿಸಿಯೋ: ನಾಳೆನೇ ಮೂಳೆ ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ಬೇಕಾ ಅಂತ ಕೇಳಿ. ನಾವು ಕೂರೋ ಮೂಳೆಗೆ ತೊಡೆಯ ಹಿಂದಿನ ಸ್ನಾಯು ಅಂಟಿರೋ ಜಾಗ ಈ ವಯಸ್ಸಲ್ಲಿ ಇನ್ನೂ ಗಟ್ಟಿ ಕೂಡಿರಲ್ಲ, ಜೋರಾಗಿ ಎಳೆದ್ರೆ ಸ್ನಾಯು ಹರಿಯೋ ಬದಲು ಮೂಳೆಯ ಚೂರೇ ಕಿತ್ಕೊಂಡು ಬರಬಹುದು. ಓಟ, ಜಿಮ್ನಾಸ್ಟಿಕ್ಸ್, ಡ್ಯಾನ್ಸ್ ಮಕ್ಕಳಲ್ಲಿ ಗೊತ್ತಿರೋ ಪೆಟ್ಟೇ ಇದು. ಅಲ್ಲಿ ತನಕ ಸ್ಪ್ಲಿಟ್, ಕಿಕ್ ಎರಡೂ ಬಂದ್. ಬೆನ್ನ ಮೇಲೆ ಕೂರಿಸೋದು ನಿಲ್ಲಿಸದೇ ಇದ್ರೆ ನಾನಾದ್ರೆ ಕ್ಲಾಸೇ ಬಿಡಿಸ್ತೀನಿ.

ಪ್ರಶ್ನೆ ಕೇಳಿದವರು: ಕೊನೇದು. ಮುಕ್ಕಾಲು ಗಂಟೆ ಸಾಕಾ? ಚೀನಾದಲ್ಲಿ ದಿನವಿಡೀ ಮಾಡ್ತಾರಲ್ಲ.

ಫಿಸಿಯೋ: ಶಾವೊಲಿನ್ ಇರೋ ಡೆಂಗ್‌ಫೆಂಗ್‌ನ ಕುಂಗ್‌ಫೂ ವಸತಿ ಶಾಲೆ ಮಕ್ಕಳು ಬೆಳಗ್ಗೆ ಸಂಜೆ ಎರಡೂ ಹೊತ್ತು ಮಾಡ್ತಾರೆ, ಅವರಿಗೆ ಅದೇ ಓದು ಅದೇ ಕೆಲಸ. ಅವರ ಟೈಮ್‌ಟೇಬಲ್ ನಮ್ಗ್ಯಾಕೆ? ಗೊಂಗ್‌ಫು, ಅದೇ ನಾವು ಕುಂಗ್‌ಫೂ ಅನ್ನೋದು, ಆ ಪದಕ್ಕೇ ಹೊತ್ತು, ಶ್ರಮ, ಅದ್ರಿಂದ ಬಂದ ಪಳಗಿದ ಕೈ ಅಂತ ಅರ್ಥ, ಅಡುಗೆಗೂ ಹೇಳ್ತಾರೆ. ಬೇಸಿಗೆಯ ಮೂರು ಫು, ಚಳಿಗಾಲದ ಮೂರು ಒಂಬತ್ತು, ಎರಡರಲ್ಲೂ ಅಭ್ಯಾಸ ಮಾಡು ಅಂತ ಅಲ್ಲೊಂದು ಗಾದೆ ಇದೆ, ಅಂದ್ರೆ ವರ್ಷದ ಕೆಟ್ಟ ಸೆಕೆ, ಕೆಟ್ಟ ಚಳಿ ದಿನಗಳು. ಅದ್ರಲ್ಲಿ ಎಷ್ಟು ಗಂಟೆ ಅಂತ ಎಲ್ಲೂ ಇಲ್ಲ ನೋಡಿ, ತಪ್ಪಿಸಬೇಡ ಅಂತಷ್ಟೇ ಇದೆ. ತೈ ಚಿಯೋರು ಇನ್ನೂ ಮುಂದಕ್ಕೆ ಹೋಗಿ ಹತ್ತು ವರ್ಷ ಪಳಗೋ ತನಕ ಬಾಗಿಲು ದಾಟಬೇಡ ಅಂದ್ಬಿಟ್ರು.

ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ಧಾರಾಳ ಆಯ್ತು. ಅದ್ರಲ್ಲಿ ಎರಡು ದಿನ ಮಾತ್ರ ತಗ್ಗು ನಿಲುವು, ಮಿಕ್ಕ ದಿನ ಎತ್ತರದಲ್ಲೇ ತಾವ್‌ಲು, ಕಿಕ್, ಕೊನೇಲಿ ಎಳೆತ. ಆಫೀಸಲ್ಲಿ ಗಂಟೆಗೊಂದು ಸಲ ಎದ್ದು ಓಡಾಡಿ. ಮನೇಲಿ ದಿನಕ್ಕೆ ಎರಡು ಮೂರು ನಿಮಿಷ ಕುಕ್ಕರುಗಾಲಲ್ಲಿ ಕೂತು ಹಿಮ್ಮಡಿ ನೆಲಕ್ಕೆ ತಾಗತ್ತಾ ನೋಡಿ, ನೋವಾದ್ರೆ ಏನಾದ್ರೂ ಹಿಡ್ಕೊಂಡು ಅರ್ಧಕ್ಕೇ ಕೂರಿ. ಪೂಬು ಬರದೇ ಇರೋದಕ್ಕೆ ಕಮೋಡಲ್ಲಿ ಬೆಳೆದ ನಮ್ಮ ಪಾದದ ಗಂಟೇ ಅರ್ಧ ಕಾರಣ.

ಪ್ರಶ್ನೆ ಕೇಳಿದವರು: ಮಾಸ್ಟರಿಗೆ ಏನಂತ ಹೇಳ್ಲಿ?

ಫಿಸಿಯೋ: ಫಿಸಿಯೋ ಹತ್ತು ನಿಮಿಷ ಬೇಡ ಅಂದ್ರು ಅನ್ನಿ, ವಿಡಿಯೋನೂ ತೋರಿಸಿ. ಒಳ್ಳೆ ಮಾಸ್ಟರ್ ಆದ್ರೆ ನಿಮ್ಮ ಮಂಡಿ ಒಳಗೆ ವಾಲೋದು ಅವರಿಗೇ ಮೊದ್ಲು ಕಾಣ್ಬೇಕಿತ್ತು.