ತನಿಖೆ ಮುಗಿಯೋವರೆಗೆ ನಮ್ಮ ಪಾಯಿಂಟ್ ಗಾರ್ಡ್‌ನನ್ನು ಆಡಿಸಬೇಕಾ, ಕೂರಿಸಬೇಕಾ?

ಬೇಸ್‌ಲೈನ್_ಭಟ

ನಮ್ಮ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಟೀಮಿನ ಪಾಯಿಂಟ್ ಗಾರ್ಡ್ (ಚೆಂಡು ಹಿಡಿದು ಆಟ ನಡೆಸುವವನು) ಮೇಲೆ ಎನ್‌ಸಿಎಎ, ಅಂದ್ರೆ ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ, ತನಿಖೆ ನಡೆಸ್ತಿರೋ ವಿಷಯ ಎಲ್ಲರಿಗೂ ತಲುಪಿದೆ. ಆದ್ರೂ ಹುಡುಗನ ಹೆಸರು ಇಲ್ಲಿ ಬರೆಯೋದು ಬೇಡ, ದಯವಿಟ್ಟು. ಇನ್ನೂ 19 ವರ್ಷ ಅವನಿಗೆ.

ಆರೋಪ ಏನಂದ್ರೆ, ಅವನು ಹೈಸ್ಕೂಲಿನಲ್ಲಿದ್ದಾಗ ಯೂನಿವರ್ಸಿಟಿಗೆ ದೇಣಿಗೆ ಕೊಡುವ ಒಬ್ಬ ಹಳೇ ವಿದ್ಯಾರ್ಥಿ ಅವನ ತಾಯಿಯ ಮನೆ ಬಾಡಿಗೆ ಕೆಲವು ತಿಂಗಳು ಕಟ್ಟಿದ್ದಾರೆ, ಒಂದೆರಡು ಸಲ ವಿಮಾನದ ಟಿಕೆಟ್ ಕೂಡ ತೆಗೆಸಿಕೊಟ್ಟಿದ್ದಾರೆ. ಯೂನಿವರ್ಸಿಟಿಯವರು ಎರಡು ಸಾಲಿನ ಹೇಳಿಕೆ ಕೊಟ್ಟು ಸುಮ್ಮನಾಗಿದ್ದಾರೆ. ಕೋಚ್ ಪ್ರೆಸ್ ಮೀಟ್‌ನಲ್ಲಿ ಉತ್ತರ ಕೊಡದೆ ಎದ್ದು ಹೋದರು. ಶನಿವಾರ ಕಾನ್ಫರೆನ್ಸ್‌ನ (ನಮ್ಮ ಕಾಲೇಜು ಸೇರಿರೋ ಗುಂಪಿನ) ಮೊದಲ ಪಂದ್ಯ, ಅವನು ಆಡ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನನಗೆ ತಲೆ ಕೆಡ್ತಿರೋದು ಒಂದೇ ವಿಷಯಕ್ಕೆ. ಈಗ ಆಟಗಾರರು ರಾಜಾರೋಷವಾಗಿ ಹಣ ತಗೊಳ್ತಿದ್ದಾರೆ. 2025ರ ಜುಲೈಯಿಂದ ಯೂನಿವರ್ಸಿಟಿಗಳೇ ನೇರವಾಗಿ ಕೊಡಬಹುದು, ಮೊದಲ ವರ್ಷಕ್ಕೆ ಒಂದೊಂದು ಯೂನಿವರ್ಸಿಟಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಅಂಥ ಕಾಲದಲ್ಲಿ ಒಬ್ಬ ತಾಯಿಯ ಬಾಡಿಗೆ ಹೇಗೆ ಅಪರಾಧ ಆಗತ್ತೆ? ನೀವು ಕೋಚ್ ಆಗಿದ್ರೆ ಏನು ಮಾಡ್ತಿದ್ರಿ, ಅದನ್ನೂ ಹೇಳಿ.

ರೂಲ್‌ಬುಕ್_ರಾಜಿ

ಭಟ್ರೇ, ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಎರಡು ಹಣವೂ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ.

2021ರ ಜುಲೈ 1ರಿಂದ ಆಟಗಾರ ತನ್ನ ಹೆಸರು, ಚಿತ್ರ, ಹೋಲಿಕೆಯಿಂದ (ನೇಮ್, ಇಮೇಜ್, ಲೈಕ್‌ನೆಸ್) ದುಡಿಯಬಹುದು. ಅದನ್ನೇ ಎನ್‌ಐಎಲ್ ಅಂತಾರೆ. ಅಂದ್ರೆ ಜಾಹೀರಾತು ಮಾಡಿದ, ಆಟೋಗ್ರಾಫ್ ಹಾಕಿದ, ಅದಕ್ಕೆ ಹಣ ಬಂತು. ಈಗ ಹೊರಗಿನವರ ಜೊತೆ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಒಪ್ಪಂದ ಮಾಡಿಕೊಂಡರೆ ಎನ್‌ಐಎಲ್ ಗೋ ಅನ್ನೋ ವ್ಯವಸ್ಥೆಯಲ್ಲಿ ದಾಖಲಿಸಬೇಕು. ಹಣಕ್ಕೆ ಪ್ರತಿಯಾಗಿ ನಿಜವಾದ ವ್ಯವಹಾರ ಇದೆಯಾ ಅಂತ ಅಲ್ಲಿ ನೋಡ್ತಾರೆ.

ಬಾಡಿಗೆಯ ಕಥೆ ಬೇರೆ. ಅಲ್ಲಿ ಹುಡುಗ ಯಾವ ಕೆಲಸವನ್ನೂ ಮಾಡಿಲ್ಲ, ಯಾವ ದಾಖಲೆಯೂ ಇಲ್ಲ, ಕೊಟ್ಟವರು ಬೂಸ್ಟರ್, ಅಂದ್ರೆ ಕಾಲೇಜಿನ ಕ್ರೀಡೆಗೆ ದೇಣಿಗೆ ಕೊಟ್ಟು ಬೆಂಬಲಿಸುವವರು. ಮುಂದೆ ನಮ್ಮ ಕಾಲೇಜಿಗೆ ಬರಲಿ ಅಂತಲೇ ಕೊಟ್ಟರು ಅನ್ನೋ ಅನುಮಾನ ತಾನಾಗಿ ಬರತ್ತೆ. ತಾಯಿಗೆ ಕೊಟ್ಟರೂ ಮಗನಿಗೆ ಕೊಟ್ಟ ಲೆಕ್ಕವೇ. ನನಗೆ ಇದು ಸರಿ ಅನ್ನಿಸತ್ತಾ ಅಂದ್ರೆ ಪೂರ್ತಿ ಇಲ್ಲ. ಆದ್ರೆ ನಿಯಮ ಇರೋದು ಹಾಗೆ.

ಇನ್ನೊಂದು ತಪ್ಪು ಕಲ್ಪನೆ: ಹುಡುಗನನ್ನು ಕೂರಿಸೋದು ಎನ್‌ಸಿಎಎ ಅಂತ ಎಲ್ಲರೂ ಬೈತಿದ್ದಾರೆ. ಮೊದಲು ಕೂರಿಸಬೇಕಾದದ್ದು ಯೂನಿವರ್ಸಿಟಿಯೇ. ನಿಯಮ ಮುರಿದಿದೆ ಅಂತ ಗೊತ್ತಾದ ತಕ್ಷಣ ಅವರೇ ಅವನನ್ನು ಅನರ್ಹ ಅಂತ ಘೋಷಿಸಬೇಕು, ಆಮೇಲೆ ವಾಪಸ್ ಸೇರಿಸಿಕೊಳ್ಳಿ ಅಂತ ಎನ್‌ಸಿಎಎಗೆ ಅರ್ಜಿ ಹಾಕಬೇಕು. ಎಷ್ಟು ಪಂದ್ಯ ಹೊರಗಿರಬೇಕು, ಎಷ್ಟು ಹಣ ಯಾವುದಾದರೂ ಸೇವಾ ಸಂಸ್ಥೆಗೆ ಕಟ್ಟಬೇಕು ಅನ್ನೋದನ್ನು ಅಲ್ಲಿ ಹೇಳ್ತಾರೆ. ಎನ್‌ಸಿಎಎಗೆ ಕೋರ್ಟಿನ ಹಾಗೆ ಸಮನ್ಸ್ ಕೊಡೋ ಅಧಿಕಾರ ಇಲ್ಲ. ಹಾಗಾಗಿ 'ಸಹಕರಿಸಲೇಬೇಕು' ಅನ್ನೋ ನಿಯಮದ ಮೇಲೆ ತನಿಖೆ ನಡೆಸ್ತಾರೆ. ಫೋನ್ ಕೊಡು, ಬ್ಯಾಂಕ್ ದಾಖಲೆ ಕೊಡು ಅಂತಾರೆ. ಕೊಡಲ್ಲ ಅಂದ್ರೆ ಅದೇ ಹೊಸ ಅಪರಾಧ.

ನಾನು ಕೋಚ್ ಆಗಿದ್ರೆ ಕೂರಿಸ್ತಿದ್ದೆ. ಅರ್ಜಿಯನ್ನು ನಾಳೆಯೇ ಹಾಕಿಸ್ತಿದ್ದೆ.

ಫುಲ್‌ಕೋರ್ಟ್_ಪ್ರೆಸ್

ಆಡಿಸಿ. ಕೋರ್ಟಿಗೆ ಹೋಗಿ. ಹೆದರಿಕೊಂಡು ಕೂತ್ರೆ ಈ ಎನ್‌ಸಿಎಎಯವರು ಬದಲಾಗಲ್ಲ.

ಮಾರ್ಚ್‌ನ ರಾಷ್ಟ್ರೀಯ ಟೂರ್ನಮೆಂಟಿನ ಟಿವಿ ಹಕ್ಕಿನ ಒಪ್ಪಂದವನ್ನು 2016ರಲ್ಲಿ ಎಂಟು ವರ್ಷ ಮುಂದಕ್ಕೆ ಹಾಕಿದ್ರಲ್ಲ, 2032ರವರೆಗೆ, ಅದರ ಬೆಲೆ 880 ಕೋಟಿ ಡಾಲರ್. ಆ ಹಣ ಯಾರ ಬೆವರಿಂದ ಬರತ್ತೆ? 2014ರಲ್ಲಿ ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ತಂಡವನ್ನು ಚಾಂಪಿಯನ್ ಮಾಡಿದ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದೇ ಮಲಗ್ತೀನಿ ಅಂತ ಹೇಳಿದ್ರು, ನೆನಪಿದೆಯಾ? ಅದೇ ತಿಂಗಳು ಊಟದ ಮಿತಿಯನ್ನು ತೆಗೆದು ಹಾಕಿದರು. ಅಲ್ಲಿವರೆಗೆ ಆಟಗಾರನಿಗೆ ಎಷ್ಟು ಊಟ, ಎಷ್ಟು ತಿಂಡಿ ಅಂತ ನಿಯಮ ಬರೆದು ಕೂತಿದ್ದವರು ಇವರೇ.

ಎನೆಸ್ ಕಾಂಟರ್ ಕಥೆ ನೋಡಿ. ಟರ್ಕಿಯ ಫೆನರ್‌ಬಾಚೆ ಕ್ಲಬ್ಬಿನಿಂದ ಖರ್ಚಿಗಿಂತ 33,033 ಡಾಲರ್ ಜಾಸ್ತಿ ಬಂದಿದೆ ಅಂತ ಕೆಂಟಕಿ ಯೂನಿವರ್ಸಿಟಿಯಲ್ಲಿ ಒಂದು ಪಂದ್ಯವನ್ನೂ ಆಡೋಕೆ ಬಿಡಲಿಲ್ಲ. ಶಾಶ್ವತವಾಗಿ ಅನರ್ಹ ಅಂದ್ರು. 2011ರ ಡ್ರಾಫ್ಟ್‌ನಲ್ಲಿ, ಅಂದ್ರೆ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಆರಿಸೋವಾಗ, ಯೂಟಾ ತಂಡ ಅವನನ್ನು ಮೂರನೇ ಆಯ್ಕೆಯಾಗಿ ತಗೊಂಡಿತು. ಎನ್‌ಬಿಎಗೆ ಬೇಕಾದವನು ಕಾಲೇಜಿಗೆ ಬೇಡವಾದ. 2021ರಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ (ಆಟಗಾರರ ಓದಿನ ಸೌಲಭ್ಯಕ್ಕೆ ಮಿತಿ ಹಾಕಿದ್ದರ ಬಗ್ಗೆ) ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಒಬ್ಬರೂ ಇವರ ಪರ ನಿಲ್ಲಲಿಲ್ಲ. ಇವರು ತಾವಾಗಿ ಮುಂದೆ ಬಂದವರಲ್ಲ, ಹೊರಗಿನ ಒತ್ತಡವೋ ಕೋರ್ಟೋ ತಳ್ಳಬೇಕಾಯಿತು.

ತಾಯಿ ಬೀದಿಗೆ ಬೀಳದ ಹಾಗೆ ಯಾರೋ ನೋಡಿಕೊಂಡರು. ಅದಕ್ಕೆ ಮಗ ಬೆಂಚಿನ ಮೇಲೆ ಕೂರಬೇಕಾ?

ಹಳೇ_ಸೀಟು

ಪ್ರೆಸ್ ಗುರು, ನಿನ್ನ ಸಿಟ್ಟು ಅರ್ಥ ಆಗತ್ತೆ. ಆದ್ರೆ ನೀನು ಒಬ್ಬ ಹುಡುಗನ ಬಗ್ಗೆ ಮಾತ್ರ ಮಾತಾಡ್ತಿದ್ದೀಯ. ಟೀಮಿನಲ್ಲಿ ಇನ್ನೂ ಹನ್ನೆರಡು ಜನ ಇದ್ದಾರೆ.

ಮಿಷಿಗನ್‌ನ ಫ್ಯಾಬ್ ಫೈವ್ ಅಂದ್ರೆ ನಮ್ಮ ವಯಸ್ಸಿನವರಿಗೆ ಇವತ್ತಿಗೂ ರೋಮಾಂಚನ. ಕಾಲೇಜಿನ ಮೊದಲ ವರ್ಷಕ್ಕೆ ಒಟ್ಟಿಗೆ ಬಂದ ಐದು ಜನ ಹುಡುಗರು, ಸಡಿಲ ಚಡ್ಡಿ, ಕಪ್ಪು ಸಾಕ್ಸ್, 1992 ಮತ್ತು 1993ರಲ್ಲಿ ಸತತ ಎರಡು ಫೈನಲ್. ಆಮೇಲೆ ಎಡ್ ಮಾರ್ಟಿನ್ ಅನ್ನೋ ಬೂಸ್ಟರ್ ಬೇರೆ ಬೇರೆ ವರ್ಷಗಳಲ್ಲಿ ಆಡಿದ ನಾಲ್ಕು ಆಟಗಾರರಿಗೆ 6,16,000 ಡಾಲರ್ ಕೊಟ್ಟಿದ್ದೆ ಅಂತ ಒಪ್ಪಿಕೊಂಡ. ಫ್ಯಾಬ್ ಫೈವ್‌ನಲ್ಲಿ ಆ ಪಟ್ಟಿಯಲ್ಲಿದ್ದವನು ಕ್ರಿಸ್ ವೆಬರ್ ಒಬ್ಬನೇ. ಜೇಲನ್ ರೋಸ್ ಇರಲಿಲ್ಲ, ಜುವಾನ್ ಹವರ್ಡ್ ಇರಲಿಲ್ಲ. ಆದ್ರೆ 2002ರಲ್ಲಿ ಆ ಫೈನಲ್‌ಗಳ ನೆನಪಿನ ಬ್ಯಾನರ್ ಕೆಳಗಿಳಿಸಿದಾಗ ಎಲ್ಲರದ್ದೂ ಇಳಿಯಿತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅಂಥದ್ದು ಒಂದೆರಡಲ್ಲ. ಯುಮಾಸ್‌ನ (ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ) 1996ರ ಫೈನಲ್ ಫೋರ್, ಅಂದ್ರೆ ಕೊನೆಯ ನಾಲ್ಕು ತಂಡಗಳ ಘಟ್ಟ, ದಾಖಲೆಯಿಂದ ಹೋಯಿತು, ಯಾಕಂದ್ರೆ ಮಾರ್ಕಸ್ ಕ್ಯಾಂಬಿ ಏಜೆಂಟರಿಂದ ಹಣ ತಗೊಂಡಿದ್ದ. ಮೆಂಫಿಸ್‌ನ 2007-08ರ 38 ಗೆಲುವು ಹೋಯಿತು. ಅಲ್ಲಿ ಡೆರಿಕ್ ರೋಸ್‌ನ ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ ರದ್ದಾಗಿತ್ತು, ಅವನ ಅಣ್ಣ ಟೀಮಿನ ವಿಮಾನದಲ್ಲಿ ಪುಕ್ಕಟೆ ಓಡಾಡಿದ್ದ. ಲೂಯಿವಿಲ್‌ನ 2013ರ ಚಾಂಪಿಯನ್‌ಶಿಪ್ಪನ್ನೇ 2018ರಲ್ಲಿ ಕಿತ್ತುಕೊಂಡರು.

ಆ ಟೀಮುಗಳ ಹನ್ನೆರಡನೇ ಆಟಗಾರನನ್ನು ನೆನೆಸಿಕೊಳ್ಳಿ. ಎನ್‌ಬಿಎ ಇಲ್ಲ, ಹಣ ಇಲ್ಲ. ಫೈನಲ್ ಫೋರ್‌ವರೆಗೆ ಹೋಗಿದ್ದೆ ಅನ್ನೋ ಒಂದೇ ಹೆಮ್ಮೆ, ಅದನ್ನೂ ದಾಖಲೆಯಿಂದ ಅಳಿಸಿಬಿಟ್ಟರು.

ನಾನು ಈ ಟೀಮನ್ನು ಗೆಲ್ಲುವಾಗಲೂ ನೋಡಿದ್ದೀನಿ, ಸತತ ಸೋಲುವಾಗಲೂ ನೋಡಿದ್ದೀನಿ. ಸೋತರೆ ತಡ್ಕೋತೀನಿ. ಗೆದ್ದ ವರ್ಷಕ್ಕೆ ಆಮೇಲೆ ಗೀಟು ಹಾಕಿದ್ರೆ ತಡ್ಕೊಳ್ಳೋಕೆ ಆಗಲ್ಲ. ಕೂರಿಸಿ.

ಬೇಸ್‌ಲೈನ್_ಭಟ

ರಾಜಿ ಅವರೇ, ಪ್ರೆಸ್ ಹೇಳಿದ ಹಾಗೆ ಕೋರ್ಟಿನಿಂದ ತಡೆಯಾಜ್ಞೆ ತಂದು ಆಡಿಸಿದ್ರೆ? ಆಗ ನಾವು ಕೋರ್ಟಿನ ಮಾತು ಕೇಳಿದ್ವಿ ಅಂತ ಆಗತ್ತಲ್ವಾ?

ರೂಲ್‌ಬುಕ್_ರಾಜಿ

ಅದನ್ನು ಒಬ್ಬರು ಮಾಡಿ ನೋಡಿದ್ದಾರೆ. 2019ರಲ್ಲಿ ಮೆಂಫಿಸ್ ಯೂನಿವರ್ಸಿಟಿಯ ಆಟಗಾರ ಜೇಮ್ಸ್ ವೈಸ್‌ಮನ್. ನಮ್ಮ ಪ್ರಕರಣಕ್ಕೆ ಬಹಳ ಹತ್ತಿರ.

ಮಾಜಿ ಎನ್‌ಬಿಎ ಆಟಗಾರ ಪೆನ್ನಿ ಹಾರ್ಡವೇ ಹೈಸ್ಕೂಲ್ ಕೋಚ್ ಆಗಿದ್ದಾಗ, 2017ರಲ್ಲಿ, ವೈಸ್‌ಮನ್ ಕುಟುಂಬ ಮನೆ ಬದಲಿಸೋಕೆ ತಾಯಿಗೆ 11,500 ಡಾಲರ್ ಕೊಟ್ಟರು. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ ಅಂತ ವಕೀಲರು ಹೇಳಿದರು. ಆದ್ರೆ ಹಾರ್ಡವೇ 2008ರಲ್ಲಿ ತಾವು ಓದಿದ ಮೆಂಫಿಸ್ ಯೂನಿವರ್ಸಿಟಿಗೆ ಹತ್ತು ಲಕ್ಷ ಡಾಲರ್ ದೇಣಿಗೆ ಕೊಟ್ಟಿದ್ದರು. ಆ ದೇಣಿಗೆಯಿಂದ ಅವರು ಬೂಸ್ಟರ್ ಆದರು. ಒಮ್ಮೆ ಬೂಸ್ಟರ್ ಆದವರು ಜೀವನಪೂರ್ತಿ ಬೂಸ್ಟರ್, ಅದು ಎನ್‌ಸಿಎಎ ನಿಯಮ. ಆಮೇಲೆ ಅವರೇ ಮೆಂಫಿಸ್ ಕೋಚ್ ಆದರು, ಹುಡುಗ ಅಲ್ಲೇ ಸೇರಿದ.

ಅವನನ್ನು ಕೂರಿಸೋದಕ್ಕೆ ಕೋರ್ಟು ತಾತ್ಕಾಲಿಕ ತಡೆ ಕೊಟ್ಟಿತು. ಅವನು ಆಡಿದ, ಆರೆಗಾನ್ ವಿರುದ್ಧದ ಪಂದ್ಯವೂ ಸೇರಿ ಆ ಸೀಸನ್‌ನಲ್ಲಿ ಒಟ್ಟು ಮೂರು ಪಂದ್ಯ, ಮೊದಲನೆಯದು ತಡೆ ಬರೋಕೂ ಮುಂಚೆ. ಸ್ವಲ್ಪ ದಿನದಲ್ಲೇ ಕೇಸು ವಾಪಸ್ ತಗೊಂಡರು. ಎನ್‌ಸಿಎಎ 12 ಪಂದ್ಯ ನಿಷೇಧ ಹಾಕಿತು, ಜೊತೆಗೆ 11,500 ಡಾಲರ್ ಸೇವಾ ಸಂಸ್ಥೆಗೆ ಕೊಡಬೇಕು ಅಂತ ಹೇಳಿತು. ಹಣ ಇಲ್ಲ ಅಂತಲೇ ಸಹಾಯ ಪಡೆದ ಮನೆಯ ಹುಡುಗ, ತನ್ನ ಹೆಸರಿಂದ ದುಡಿಯೋಕೂ ಬಿಡದ ಕಾಲ ಅದು, ಎಲ್ಲಿಂದ ತರಬೇಕು? ಈ ಒಂದು ವಿಷಯದಲ್ಲಿ ನಾನು ಪೂರ್ತಿ ಪ್ರೆಸ್ ಪರ. ಡಿಸೆಂಬರ್‌ನಲ್ಲಿ ಅವನು ಕಾಲೇಜೇ ಬಿಟ್ಟ. ಮುಂದಿನ ಡ್ರಾಫ್ಟ್‌ನಲ್ಲಿ ಎನ್‌ಬಿಎ ತಂಡ ಗೋಲ್ಡನ್ ಸ್ಟೇಟ್ ಅವನನ್ನು ಎರಡನೇ ಆಯ್ಕೆಯಾಗಿ ತಗೊಂಡಿತು.

2022ರಲ್ಲಿ ಅಂತಿಮ ತೀರ್ಪು ಬಂದಾಗ ಅವನು ಆಡಿ ಗೆದ್ದಿದ್ದ ಎರಡು ಪಂದ್ಯ ರದ್ದಾದವು. ಅಂದ್ರೆ ತಡೆಯಾಜ್ಞೆ ಇದ್ರೂ ಆಮೇಲೆ ರಕ್ಷಣೆ ಸಿಗಲ್ಲ. ಹಾರ್ಡವೇಗೆ ಆ ಪ್ರಕರಣದಲ್ಲಿ ಶಿಕ್ಷೆ ಆಗಲಿಲ್ಲ.

ಫುಲ್‌ಕೋರ್ಟ್_ಪ್ರೆಸ್

ಅದನ್ನೇ ನಾನು ಹೇಳ್ತಿರೋದು. ದೊಡ್ಡವರು ಹಣ ಕೊಟ್ಟರು, ದೊಡ್ಡವರು ತಗೊಂಡರು, ಆಟ ಕಳ್ಕೊಂಡಿದ್ದು ಹುಡುಗ. ಕ್ಯಾನ್ಸಸ್‌ನ ಸಿಲ್ವಿಯೊ ಡಿ ಸೂಸಾ ಕೂಡ ಹಾಗೇ. ಹಣದ ವ್ಯವಹಾರ ಮಾಡಿದ್ದು ಅವನನ್ನು ನೋಡಿಕೊಳ್ತಿದ್ದ ಗಾರ್ಡಿಯನ್, ಎರಡು ಸೀಸನ್ ಹೊರಗೆ ಅಂತ ಹೇಳಿದ್ದು ಅವನಿಗೆ. ಮೇಲ್ಮನವಿಯಲ್ಲಿ ಕಡಿಮೆ ಆಯಿತು ನಿಜ, ಆದ್ರೆ ಅಷ್ಟರಲ್ಲಿ ಒಂದು ಸೀಸನ್ ಹೋಗಿತ್ತು. 20 ವರ್ಷದ ಹುಡುಗನಿಗೆ ಒಂದು ಸೀಸನ್ ಅಂದ್ರೆ ಏನು ಅಂತ ಆಡಿದವರಿಗೆ ಗೊತ್ತು.

ಸರಿ, ಕೂರಿಸಿ. ಆದ್ರೆ ಹಣ ಕಟ್ಟು ಅಂದ್ರೆ ನಾವೆಲ್ಲ ಸೇರಿ ಕಟ್ಟೋಣ. ನಾಳೆಯೇ ಒಂದು ನಿಧಿ ಶುರು ಮಾಡ್ತೀನಿ, ಮೊದಲ ಹಣ ನನ್ನದೇ.

ಫ್ರೀಥ್ರೋ_ಉಷಾ

ದಯವಿಟ್ಟು ಬೇಡ! ಪ್ರೆಸ್ ಅವರೇ, ನಿಮ್ಮ ಮನಸ್ಸು ಒಳ್ಳೇದು. ಆದ್ರೆ ಅಥ್ಲೆಟಿಕ್ ವಿಭಾಗಕ್ಕೆ ನೀವು ಯಾವತ್ತಾದರೂ ದೇಣಿಗೆ ಕೊಟ್ಟಿದ್ದೀರಾ? ಬೂಸ್ಟರ್ ಕ್ಲಬ್ಬಿನ ಸದಸ್ಯರಾ? ಹಾಗಿದ್ರೆ ನೀವೂ ಬೂಸ್ಟರ್. ಹತ್ತು ಲಕ್ಷ ಡಾಲರ್ ಕೊಟ್ಟವರು ಮಾತ್ರ ಬೂಸ್ಟರ್ ಅಲ್ಲ. ಆಟಗಾರ ಅನ್ನೋ ಕಾರಣಕ್ಕೆ ನಾವು ಅವನಿಗೆ ಹಣ ಕೂಡಿಸಿ ಕೊಟ್ಟರೆ, ಈಗಿನ ತನಿಖೆಯ ಮೇಲೆ ಇನ್ನೊಂದು ತನಿಖೆ. ಏನಾದ್ರೂ ಮಾಡಲೇಬೇಕು ಅನ್ನಿಸಿದ್ರೆ ಯೂನಿವರ್ಸಿಟಿಯಲ್ಲಿ ನಿಯಮ ಪಾಲನೆ ನೋಡಿಕೊಳ್ಳೋ ಕಂಪ್ಲಯನ್ಸ್ ಆಫೀಸಿಗೆ ಫೋನ್ ಮಾಡಿ ಕೇಳಿ. ಅವರು ಆಗಲ್ಲ ಅಂದ್ರೆ ಆಗಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಎರಡು ದಿನದಿಂದ ನಮ್ಮವರೇ ಆ ತಾಯಿಯ ಸೋಷಿಯಲ್ ಮೀಡಿಯಾ ಖಾತೆ ಹುಡುಕಿ ಹಳೇ ಫೋಟೋ ಹಂಚ್ತಿದ್ದಾರೆ. ಯಾವ ಬ್ಯಾಗು, ಯಾವ ಕಾರು, ಬಾಡಿಗೆ ಕಟ್ಟೋಕೆ ಆಗದವಳಿಗೆ ಇದೆಲ್ಲ ಎಲ್ಲಿಂದ ಬಂತು ಅಂತ. ಎದುರಾಳಿ ಫ್ಯಾನ್‌ಗಳು ಮಾಡಿದ್ರೆ ಬೇರೆ. ಇವರು ಕಳೆದ ವಾರ ಅವನ ಹೆಸರಿನ ಜೆರ್ಸಿ ಹಾಕಿಕೊಂಡು ಕೂಗಿದವರು. ಆ ಫೋಟೋ ಎಲ್ಲ ತನಿಖೆ ಮಾಡೋರ ಕೈಗೂ ಹೋಗತ್ತೆ, ಅದಕ್ಕಿಂತ ಮೊದಲು ಆ ಹುಡುಗನ ಫೋನಿಗೆ ಹೋಗತ್ತೆ. ತಾಯಿಗೆ ನನ್ನಿಂದ ಹೀಗಾಯ್ತು ಅನ್ನೋ ಸಂಕಟ, ಮಗನಿಗೆ ನನ್ನಿಂದ ಅಮ್ಮನಿಗೆ ಹೀಗಾಯ್ತು ಅನ್ನೋ ಸಂಕಟ. ನಿಮ್ಮ ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ರೆ ಹೀಗೆ ಮಾಡ್ತಿದ್ರಾ? ಮಾಡರೇಟರ್‌ಗಳೇ, ಅಂಥ ಲಿಂಕ್ ಇಲ್ಲಿ ಬಂದ್ರೆ ಕೂಡಲೇ ತೆಗೀರಿ.

ಮತ್ತೆ ಎಲ್ಲವೂ ವೈಸ್‌ಮನ್ ಹಾಗೇ ಮುಗಿಯತ್ತೆ ಅಂತ ಅಂದುಕೋಬೇಡಿ. ಯುಕಾನ್‌ನ ರಯಾನ್ ಬೋಟ್‌ರೈಟ್ ಇದ್ನಲ್ಲ, ಅವನ ವಿಷಯದಲ್ಲೂ ತಾಯಿ, ವಿಮಾನದ ಟಿಕೆಟ್ ಇದೇ ಕಥೆ. 2011-12ರಲ್ಲಿ ಒಟ್ಟು ಒಂಬತ್ತು ಪಂದ್ಯ ಹೊರಗೆ ಕೂತ, 4,500 ಡಾಲರ್ ಕಟ್ಟು ಅಂದ್ರು. ತನಿಖೆಯ ವಿವರವನ್ನೆಲ್ಲ ಎನ್‌ಸಿಎಎ ಬಹಿರಂಗವಾಗಿ ಹಾಕಿದಾಗ ಆ ಕುಟುಂಬ ಎಷ್ಟು ನೊಂದಿರಬೇಕು. ಆದ್ರೂ ಅವನು ವಾಪಸ್ ಬಂದ. ಪ್ರೆಸ್ ಹೇಳಿದ 2014ರ ಚಾಂಪಿಯನ್ ಟೀಮಿದೆಯಲ್ಲ, ಅದರಲ್ಲಿ ನೇಪಿಯರ್ ಪಕ್ಕದಲ್ಲಿ ಆಡಿದ ಇನ್ನೊಬ್ಬ ಗಾರ್ಡ್ ಅವನೇ.

ಹಳೇ_ಸೀಟು

ಉಷಾ ಮೇಡಂ, ಬೋಟ್‌ರೈಟ್ ನೆನಪಿಸಿ ಒಳ್ಳೇದು ಮಾಡಿದ್ರಿ. ಒಂಬತ್ತು ಪಂದ್ಯ ಅಂದ್ರೆ ಟೂರ್ನಮೆಂಟಿಗೆ ನಮ್ಮ ಹುಡುಗ ಸಿಗ್ತಾನೆ.

ಬೇಸ್‌ಲೈನ್_ಭಟ

ಕೊನೇದಾಗಿ ಒಂದು. ಈ ತನಿಖೆ ಎಷ್ಟು ಕಾಲ ಎಳೆಯಬಹುದು?

ರೂಲ್‌ಬುಕ್_ರಾಜಿ

ಎರಡು ಗಡಿಯಾರ ಓಡ್ತಿವೆ ಅಂದುಕೊಳ್ಳಿ. ಹುಡುಗ ಯಾವಾಗ ಆಡಬಹುದು ಅನ್ನೋದು ಬೇಗ ತೀರ್ಮಾನ ಆಗತ್ತೆ. ಯೂನಿವರ್ಸಿಟಿ ಮೊದಲೇ ಎಲ್ಲ ಒಪ್ಪಿಕೊಂಡು ಕಾಗದಪತ್ರ ಸರಿಯಾಗಿ ಕೊಟ್ಟರೆ ಕೆಲವು ವಾರ ಸಾಕಾಗಬಹುದು. ವೈಸ್‌ಮನ್ ವಿಷಯದಲ್ಲಿ 2019ರ ನವೆಂಬರ್‌ನಲ್ಲೇ ಉತ್ತರ ಬಂದಿತ್ತು. ಯೂನಿವರ್ಸಿಟಿಯ ಮೇಲಿನ ಪ್ರಕರಣ ಮಾತ್ರ ವರ್ಷಗಟ್ಟಲೆ. ಶೂ ಕಂಪನಿಗಳಿಂದ ಆಟಗಾರರ ಕುಟುಂಬಗಳಿಗೆ ಹೋದ ಹಣದ ಬಗ್ಗೆ ಎಫ್‌ಬಿಐ ಬಂಧನ ಮಾಡಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಸೇರಿದ ಕ್ಯಾನ್ಸಸ್ ಪ್ರಕರಣ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಆಗ 2018ರ ಫೈನಲ್ ಫೋರ್ ದಾಖಲೆಯಿಂದ ಹೋಯಿತು. ಆ ಟೀಮಿನ ಹುಡುಗರು ಅಷ್ಟೊತ್ತಿಗೆ ಕಾಲೇಜು ಬಿಟ್ಟು ಎಷ್ಟೋ ಕಾಲ ಆಗಿತ್ತು.

ಶನಿವಾರದ ಮೊದಲು ಗಮನಿಸಬೇಕಾದದ್ದು ಒಂದೇ: ಯೂನಿವರ್ಸಿಟಿ ಅವನನ್ನು ಅನರ್ಹ ಅಂತ ಘೋಷಿಸಿ ಅರ್ಜಿ ಹಾಕಿದೆಯಾ, ಇಲ್ಲ ಸುಮ್ನೆ 'ಮುನ್ನೆಚ್ಚರಿಕೆಗೆ ಕೂರಿಸಿದ್ದೀವಿ' ಅಂತಿದೆಯಾ. ಬರೀ ಮುನ್ನೆಚ್ಚರಿಕೆ ಅಂದ್ರೆ ಅರ್ಜಿಯ ಕೆಲಸ ಇನ್ನೂ ಶುರುವೇ ಆಗಿಲ್ಲ ಅಂತ ಅರ್ಥ. ಪ್ರೆಸ್ ಅವರೇ, ಗಲಾಟೆ ಮಾಡಬೇಕು ಅಂತಿದ್ರೆ ಅಥ್ಲೆಟಿಕ್ ಡೈರೆಕ್ಟರ್‌ಗೆ ಮೇಲ್ ಹಾಕಿ ಅರ್ಜಿ ಯಾವಾಗ ಹಾಕ್ತೀರಿ ಅಂತ ಕೇಳಿ. ನಾನೂ ಹಾಕ್ತೀನಿ.

ಫುಲ್‌ಕೋರ್ಟ್_ಪ್ರೆಸ್

ಈಗಲೇ ಹಾಕಿದೆ. ನಿಧಿ ಮಾಡಲ್ಲ. ಆ ನಿಯಮ ತಪ್ಪು ಅಂತ ಮಾತ್ರ ಹೇಳ್ತಾನೇ ಇರ್ತೀನಿ.