ಗುಂಪಿಗೆ ಹೊಸದಾಗಿ ಬಂದವರು ಸಂಬಂಧವಿಲ್ಲದ್ದು ಕೇಳಿದರೆ ಹೇಗೆ ಹೇಳುತ್ತೀರಿ? ಅನುಭವ ಹಂಚಿಕೊಳ್ಳಿ

ಕೇಳಿದವರು:
ನಮ್ಮ ಕಡೆಯ ಅಡಿಕೆ ಬೆಳೆಗಾರರ ವಾಟ್ಸ್ಆಪ್ ಗುಂಪಿಗೆ ನಾನು ಅಡ್ಮಿನ್. ರೋಗ, ಔಷಧಿ, ಕೊನೆಗಾರರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಸಿಗುವ ವಿಷಯ, ಇಷ್ಟಕ್ಕೇ ಮಾಡಿದ ಗುಂಪು. ಹೊಸಬರು ಬಂದ ದಿನವೇ ಪಹಣಿ, ಪಿಎಂ ಕಿಸಾನ್ ಹಣ, ಆಧಾರ್ ಅಂತ ಕೇಳುತ್ತಾರೆ. ಹಳಬರು ರೇಗುತ್ತಾರೆ. ಹೊಸಬರ ಮನಸ್ಸು ನೋಯದ ಹಾಗೆ ಹೇಳುವುದು ಹೇಗೆ?

ಉತ್ತರ 1:
ನಮ್ಮದೂ ಅಡಿಕೆ ಗುಂಪೇ. ಮೊದಲು ನಾವು ಮಾಡಿದ ತಪ್ಪನ್ನೇ ಹೇಳುತ್ತೇನೆ.

ಒಂದು ಜೂನ್‌ನಲ್ಲಿ, ರಾತ್ರಿ ಊಟದ ಹೊತ್ತಿಗೆ, ಹೊಸಬರೊಬ್ಬರು ಪಹಣಿಯ ಫೋಟೊ ಹಾಕಿದರು. ಅಡ್ಡ ತಿರುಗಿದ ಫೋಟೊ, ಮೂಲೆಯಲ್ಲಿ ಅವರದೇ ಹೆಬ್ಬೆರಳು. ಕೆಳಗೆ "ತಂದೆ ಹೆಸರು ತಪ್ಪು ಬಂದಿದೆ ಯಾರಿಗಾದರು ಗೊತ್ತಾ". ಐದು ನಿಮಿಷದಲ್ಲಿ ನಾಲ್ಕು ಉತ್ತರ ಬಂತು. "ಇದು ಅಡಿಕೆ ಗುಂಪು." "ನಿಯಮ ಓದಿ." "ಅಡ್ಮಿನ್ ಗಮನಿಸಿ." ಇನ್ನೊಬ್ಬರದು ಬರೀ ಕೈ ಮುಗಿದ ಚಿತ್ರ. ತಾಲೂಕು ಕಚೇರಿಗೆ ಅರ್ಜಿ ಕೊಡಿ ಅಂತ ಒಬ್ಬರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಫೋಟೊ ಅಳಿಸಿದರು. ಆಮೇಲೆ ಮಾತೇ ಇಲ್ಲ.

ಆಗಸ್ಟ್‌ನಲ್ಲಿ ಅವರ ಊರಿಗೆ ಹೋಗಿದ್ದಾಗ ತೋಟ ನೋಡಿದೆ. ಮರದ ಬುಡದಲ್ಲೆಲ್ಲ ಕೊಳೆತ ಕಾಯಿ. ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿ ಮಾಡುವ ಕೊಳೆರೋಗದ ಔಷಧಿ) ಹೊಡೆದಿದ್ದರು, ಆದರೆ ಮೈಲುತುತ್ತಿನ ನೀರಿಗೆ ಸುಣ್ಣ ಸುರಿದು ಮಾಡಿದ್ದರಂತೆ, ಅದೂ ಹಳೆಯ ಸುಣ್ಣ. ಒಂದು ಕಿಲೊ ತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು, ತುತ್ತಿನ ನೀರನ್ನೇ ಸುಣ್ಣದ ನೀರಿಗೆ ಹೊಯ್ಯಬೇಕು, ಕತ್ತಿಯ ತುದಿ ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು, ಇದೆಲ್ಲ ನಮ್ಮ ಗುಂಪಿನಲ್ಲಿ ಮಳೆಗಾಲಕ್ಕೆ ಮುಂಚೆ ಹತ್ತು ಸಲ ಬರುವ ಮಾತು. "ಒಂದು ಮಾತು ಕೇಳಬಾರದಿತ್ತಾ ಮಾರಾಯ್ರೆ" ಅಂದೆ. "ಅಲ್ಲಿ ಕೇಳಿದರೆ ಬೈತಾರಲ್ಲ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಈಗ ನಾವು ಮೊದಲು ಅವರು ಕೇಳಿದ್ದಕ್ಕೆ ಒಂದು ಸಾಲಿನ ಉತ್ತರ ಕೊಡುತ್ತೇವೆ. ಗುಂಪು ಯಾವುದಕ್ಕೆ ಅನ್ನುವುದು ಅದಾದ ಮೇಲೆ. ಹೀಗೆ: "ನಮಸ್ಕಾರ. ಪಹಣಿ ತಿದ್ದುಪಡಿಗೆ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಡಬೇಕು, ಹಳೆಯ ದಾಖಲೆ ಜೊತೆಗಿರಲಿ. ಇಲ್ಲಿ ನಾವು ತೋಟದ ರೋಗ, ಔಷಧಿ ವಿಷಯ ಮಾತಾಡುತ್ತೇವೆ. ನಿಮ್ಮ ತೋಟದಲ್ಲಿ ಈ ಸಲ ಔಷಧಿ ಹೊಡೆದಾಯ್ತಾ?" ಆ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅದನ್ನು ಕೇಳಿದರೆ ಅರ್ಧಕ್ಕರ್ಧ ಜನ ಮರುದಿನವೇ ಎಲೆಚುಕ್ಕಿ ರೋಗದ ಫೋಟೊ ಹಾಕುತ್ತಾರೆ.

ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರ ಬರೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಪಿಎಂ ಕಿಸಾನ್ ಅಂದರೆ ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು. ಕಂತು ನಿಂತಿದ್ದರೆ ಇ-ಕೆವೈಸಿ ಆಗಿದೆಯಾ, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ, ಇಲ್ಲವಾದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಬೇರೆ ಬೆಳೆಯ ಪ್ರಶ್ನೆ ಬಂದರೆ ಕಿಸಾನ್ ಕಾಲ್ ಸೆಂಟರ್, 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಹೋಗುವುದಿಲ್ಲ.

ಇನ್ನೊಂದು, "ನಿಯಮ ಓದಿ" ಅನ್ನುವುದನ್ನು ಬಿಟ್ಟುಬಿಡಿ. ಭಾವನೋ ಮಗಳೋ ಕಳಿಸಿದ ಲಿಂಕ್ ಒತ್ತಿ ಒಳಗೆ ಬಂದವರಿಗೆ, ಗುಂಪಿನ ಹೆಸರು ಒತ್ತಿದರೆ ಒಳಗೆ ನಿಯಮ ಇದೆ ಅಂತ ಹೇಗೆ ಗೊತ್ತಾಗಬೇಕು ಹೇಳಿ? ನಾವು ನಿಯಮವನ್ನು ನಲವತ್ತು ಸೆಕೆಂಡಿನ ಧ್ವನಿ ಮೆಸೇಜ್ ಮಾಡಿದ್ದೇವೆ, ಹೊಸಬರಿಗೆ ಅದನ್ನೇ ಕಳಿಸುತ್ತೇವೆ. ಓದುವುದಕ್ಕಿಂತ ಕೇಳುವವರು ಜಾಸ್ತಿ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತುಂಬಾ ಜನ "ಪರ್ಸನಲ್ ಆಗಿ ಮೆಸೇಜ್ ಮಾಡಿ ಹೇಳಿ" ಅನ್ನುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಮೆಸೇಜ್ ಬಂದರೆ ಈಗ ಎಲ್ಲರಿಗೂ ಹೆದರಿಕೆ, ಒಬ್ಬ ಅಮ್ಮ ನನ್ನನ್ನು ಬ್ಲಾಕ್ ಮಾಡಿಬಿಟ್ಟಿದ್ದರು. ಅದಕ್ಕೆ ಮೊದಲ ಉತ್ತರ ಗುಂಪಿನಲ್ಲೇ ಕೊಡಿ, ಉಳಿದದ್ದು ಫೋನಿನಲ್ಲಿ.

ಆದರೆ ಆಧಾರ್, ಪಾಸ್‌ಬುಕ್ ಫೋಟೊ ಹಾಕಿದರೆ ಮಾತ್ರ ಕಾಯಬೇಡಿ. ಅಡ್ಮಿನ್ ಆದವರು ಎಲ್ಲರ ಫೋನಿನಿಂದಲೂ ಅದನ್ನು ಅಳಿಸಬಹುದು. ಮೊದಲು ಅಳಿಸಿ, ಕೂಡಲೇ ಅವರಿಗೆ ಫೋನ್ ಮಾಡಿ ಯಾಕೆ ಅಳಿಸಿದಿರಿ ಅಂತ ತಿಳಿಸಿ. ಸುಮ್ನೆ ಅಳಿಸಿದರೆ ಅವರು ಮತ್ತೆ ಅದೇ ಫೋಟೊ ಹಾಕುತ್ತಾರೆ, ನೆಟ್‌ವರ್ಕ್ ಸರಿ ಇರಲಿಲ್ಲವೇನೋ ಅಂದುಕೊಂಡು. ನಮ್ಮಲ್ಲಿ ಒಬ್ಬರು ಮೂರು ಸಲ ಹಾಕಿದ್ದರು.

ಉತ್ತರ 3:
ನಾವು ಕಚೇರಿ ಕೆಲಸದ ಪ್ರಶ್ನೆಗೆ ಅಂತಲೇ ಬೇರೆ ಗುಂಪು ಮಾಡಿ ನೋಡಿದೆವು. ನಡೆಯಲಿಲ್ಲ. ಕೇಳುವವರು ಎಲ್ಲ ಅಲ್ಲಿಗೆ ಹೋದರು, ಗೊತ್ತಿದ್ದವರು ಇಲ್ಲೇ ಉಳಿದರು. ಎರಡು ತಿಂಗಳಿಗೆ ಮುಚ್ಚಿದೆವು. ಈಗ ಸೋಮವಾರ ಸಂಜೆ ಯಾವ ವಿಷಯ ಬೇಕಾದರೂ ಕೇಳಬಹುದು ಅಂತ ಇಟ್ಟಿದ್ದೇವೆ, ಅದು ಚೆನ್ನಾಗಿ ನಡೆಯುತ್ತಿದೆ. ಸಾಲದ ಆ್ಯಪ್, ಲಾಟರಿ, ಫಾರ್ವರ್ಡ್ ಹಾಕುವವರು ಬೇರೆ ಜಾತಿ, ಅವರನ್ನು ಇದಕ್ಕೆ ಸೇರಿಸಬೇಡಿ. ಅವರಿಗೆ ಪ್ರಶ್ನೆಯೇ ಇರುವುದಿಲ್ಲ. ಒಂದು ಸಲ ಹೇಳಿ, ಕೇಳದಿದ್ದರೆ ತೆಗೆಯಿರಿ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ರೇಗುವ ಹಳಬರಿಗೆ ಏನು ಹೇಳುವುದು? ಅವರು ವಯಸ್ಸಿನಲ್ಲಿ ನನಗಿಂತ ದೊಡ್ಡವರು.

ಉತ್ತರ 1:
ಗುಂಪಿನಲ್ಲಿ ಹೇಳಲೇಬೇಡಿ, ಅವರಿಗೂ ನೋವಾಗುತ್ತದೆ. ಅವರೂ ಗುಂಪು ಹಾಳಾಗಬಾರದು ಅಂತಲೇ ರೇಗುವುದು, ಅಲ್ವಾ. ನಮ್ಮಲ್ಲಿ "ನಿಯಮ ಓದಿ" ಅಂದಿದ್ದವರು ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಾನು ಫೋನ್ ಮಾಡಿ, "ಅಣ್ಣ, ಪಹಣಿ ವಿಷಯ ನಿಮ್ಮಷ್ಟು ಗೊತ್ತಿದ್ದವರು ನಮ್ಮಲ್ಲಿ ಇಲ್ಲ, ಅಂಥ ಪ್ರಶ್ನೆ ಬಂದರೆ ನೀವೇ ಒಂದು ಸಾಲು ಹೇಳಿ, ಬೇರೆಯವರು ಸುಮ್ಮನಿರುತ್ತೇವೆ" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಮನುಷ್ಯನ ನಂಬರ್ ಕೊಡು" ಅಂದರು. ಹೆಸರಿನ ತಿದ್ದುಪಡಿ ಅರ್ಜಿಯನ್ನು ಕೊನೆಗೆ ಅವರೇ ಕೂತು ಬರೆಸಿಕೊಟ್ಟರು.

ನೀವೂ ಫೋನ್ ಮಾಡಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಮಾಡಿದರೆ ಒಳ್ಳೆಯದು, ಆ ಹೊತ್ತಿಗೆ ಪುರುಸೊತ್ತಿನಲ್ಲಿ ಮಾತಾಡುತ್ತಾರೆ.