ಕೋರ್ಟಿನ ಚಾನ್ಸಲರ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನ್ಯೂಯಾರ್ಕಿನ ಜೇಮ್ಸ್ ಕೆಂಟ್ ಬಗ್ಗೆ ಪುಟ್ಟ ಪರಿಚಯ ಬರೆಯುತ್ತಿದ್ದೇನೆ. ಹುಟ್ಟಿದ್ದು 1763ರಲ್ಲಿ, ಓದಿದ್ದು ಯೇಲ್‌ನಲ್ಲಿ. 1798ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿಗೆ ಜಡ್ಜ್ ಆದರು, 1804ರಲ್ಲಿ ಅಲ್ಲೇ ಮುಖ್ಯ ನ್ಯಾಯಮೂರ್ತಿ. ‘ಸರ್ವೋಚ್ಚ ನ್ಯಾಯಾಲಯ’ ಅಂತ ಬರೆದು ಮುಂದೆ ಹೋಗಿದ್ದೆ. ಆಮೇಲೆ ನೋಡಿದರೆ ನ್ಯೂಯಾರ್ಕಿನಲ್ಲಿ ಸುಪ್ರೀಂ ಕೋರ್ಟೇ ಕೊನೆಯಲ್ಲ. ಆಗಲೂ ಅದರ ಮೇಲೊಂದು ಕೋರ್ಟಿತ್ತು, ಈಗಲೂ ಇದೆ. ‘ಸರ್ವೋಚ್ಚ’ ಹೊಡೆದುಹಾಕಿ ಸುಮ್ನೆ ‘ಸುಪ್ರೀಂ ಕೋರ್ಟ್’ ಅಂತಲೇ ಬಿಟ್ಟೆ.

ನಿಜವಾದ ತಕರಾರು 1814ರದ್ದು. ಆ ವರ್ಷ ಕೆಂಟ್ ‘ಚಾನ್ಸಲರ್’ ಆದರು. ನಮ್ಮಲ್ಲಿ ಚಾನ್ಸಲರ್ ಅಂದರೆ ವಿಶ್ವವಿದ್ಯಾಲಯದ ಕುಲಾಧಿಪತಿ, ಘಟಿಕೋತ್ಸವದಲ್ಲಿ ಗೌನು ಹಾಕಿ ಕೂರುವ ರಾಜ್ಯಪಾಲರು. ಕೆಂಟ್ ಕೊಡುತ್ತಿದ್ದದ್ದು ಪದವಿಯಲ್ಲ, ತೀರ್ಪು. ಟ್ರಸ್ಟು, ಅಡಮಾನ, ತಡೆಯಾಜ್ಞೆ, ಆಡಿದ ಕರಾರನ್ನು ನಡೆಸಿಕೊಡು ಅನ್ನುವ ಆದೇಶ, ಹೀಗೆ ಬರೀ ಪರಿಹಾರದ ದುಡ್ಡಿನಿಂದ ತೀರದ ವ್ಯಾಜ್ಯಗಳು ಅವರ ಮುಂದೆ ಬರುತ್ತಿದ್ದವು. ‘ಪ್ರಧಾನ ನ್ಯಾಯಾಧೀಶ’ ಅಂದರೆ ನಮ್ಮ ಜಿಲ್ಲಾ ಕೋರ್ಟು ಕಣ್ಣಿಗೆ ಬರುತ್ತದೆ. ‘ಧರ್ಮಾಧಿಕಾರಿ’ ಅರ್ಥಕ್ಕೆ ಹತ್ತಿರವೇ, ಆದರೆ ಓದುವವರು ಸೀದಾ ಧರ್ಮಸ್ಥಳಕ್ಕೆ ಹೋಗಿಬಿಡುತ್ತಾರೆ!

ಪದದ ಮೂಲ ಹುಡುಕಿದೆ. ಲ್ಯಾಟಿನ್ನಿನಲ್ಲಿ ‘ಕ್ಯಾನ್ಸೆಲ್ಲಿ’ ಅಂದರೆ ಅಡ್ಡಕ್ಕೆ ನಿಲ್ಲಿಸಿದ ಜಾಲರಿ. ರೋಮನ್ ಕೋರ್ಟಿನಲ್ಲಿ ಆ ಜಾಲರಿ ಹತ್ತಿರ ನಿಲ್ಲುತ್ತಿದ್ದ ನೌಕರ ‘ಕ್ಯಾನ್ಸೆಲ್ಲಾರಿಯಸ್’. ಬರೆದದ್ದರ ಮೇಲೆ ಅಡ್ಡಡ್ಡ ಗೀಟು ಎಳೆದು ‘ಕ್ಯಾನ್ಸಲ್’ ಅನ್ನುತ್ತೇವಲ್ಲ, ಅದೂ ಇದೇ ಜಾಲರಿಯಿಂದ ಬಂದದ್ದು. ನಮ್ಮ ಕಟಕಟೆ ಅಲ್ವಾ ಇದು? ಖುಷಿಯಾಯಿತು. ಆದರೆ ಕನ್ನಡದಲ್ಲಿ ಕಟಕಟೆ ಹತ್ತುವವನು ಆರೋಪಿ, ಇಲ್ಲವೇ ಸಾಕ್ಷಿ. ಅಲ್ಲಿ ಜಡ್ಜನ್ನು ನಿಲ್ಲಿಸೋದು ಹೇಗೆ?

ಪದವನ್ನೇ ಬಿಟ್ಟು ಬರೆಯೋಣ ಅಂದರೆ ಅದೂ ಆಗಲ್ಲ. ಅರವತ್ತು ತುಂಬಿತು ಅಂತ 1823ರಲ್ಲಿ ರಾಜ್ಯದ ಸಂವಿಧಾನ ಅವರನ್ನು ಮನೆಗೆ ಕಳಿಸಿತು. ಕೊಲಂಬಿಯಾ ಕಾಲೇಜಿನಲ್ಲಿ ಪಾಠ ಮಾಡಿದರು, ಆ ಪಾಠಗಳೇ ಬೆಳೆದು 1826ರಿಂದ 1830ರೊಳಗೆ ಅಮೆರಿಕದ ಕಾನೂನಿನ ಬಗ್ಗೆ ನಾಲ್ಕು ಸಂಪುಟಗಳಾದವು. ತೀರಿಕೊಂಡದ್ದು 1847ರಲ್ಲಿ. ಕುರ್ಚಿ ಹೋಗಿ ಅಷ್ಟು ವರ್ಷ ಆದರೂ ಜನರಿಗೆ ಅವರು ‘ಚಾನ್ಸಲರ್ ಕೆಂಟ್’. ಇವತ್ತಿಗೂ ಹಾಗೇ ಕರೆಯುತ್ತಾರೆ.

ಸದ್ಯಕ್ಕೆ ‘ಚಾನ್ಸಲರ್’ ಅಂತಲೇ ಇಟ್ಟು, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಸೇರಿಸಿದ್ದೇನೆ. ಹಳೆಯ ವಕೀಲರ ಬಾಯಲ್ಲಿ ಬೇರೆ ಪದ ಕೇಳಿದವರಿದ್ದರೆ ತಿಳಿಸಿ.